ಹೆಸರು ಕೊರೆದ ಪಾತ್ರೆಗಳು: ಹಳೆಯ ವಸ್ತುಗಳನ್ನು ಕೊಳ್ಳುವ ಮಹನೀಯರಿಗೊಂದು ಬಹಿರಂಗ ಪತ್ರ

ಹಿಲ್ಲೂರು,
ಅಂಕೋಲಾ ತಾಲೂಕು, ಉತ್ತರ ಕನ್ನಡ.

ಹಳೆಯ ವಸ್ತುಗಳನ್ನು ಅರಸಿ, ಕೊಂಡು, ಆದರದಿಂದ ಕೂಡಿಡುವ ನಾಡಿನ ಎಲ್ಲ ಮಹನೀಯರ ಸನ್ನಿಧಿಗೆ,

ಮಾನ್ಯರೆ,

ಮಳೆಗಾಲ ಕಳೆದು, ಗದ್ದೆಯ ಕೊಯ್ಲು ಒಂದು ಹದಕ್ಕೆ ಬಂದು, ಗಂಗಾವಳಿಯ ನೀರು ಕೆಂಪು ಬಿಟ್ಟು ತಿಳಿಯಾಗುವ ಹೊತ್ತಿಗೆ, ಅಂಕೋಲೆಯಿಂದ ನಮ್ಮೂರ ಮೇಲೆ ಹಾದು ಅಚವೆಯ ದಾರಿಯಾಗಿ ಯಾಣದ ಶಿಲಾಶಿಖರಗಳ ಕಡೆಗೆ ಸಾಗುವ ವಾಹನಗಳು ಹೆಚ್ಚುವುದು ವರ್ಷವರ್ಷದ ರೂಢಿ. ಅವುಗಳಲ್ಲಿ ಬಹುಪಾಲು ಬಂಡೆಗಳನ್ನು ನೋಡಿ, ಚಹಾ ಕುಡಿದು, ಸಂಜೆಯೊಳಗೆ ಹಿಂದಿರುಗುವಂಥವು. ಎಲ್ಲೋ ಒಂದೆರಡು ಮಾತ್ರ ಹಳೆಯ ಹಂಚಿನ ಮನೆ ಕಂಡಲ್ಲಿ ನಿಲ್ಲುತ್ತವೆ, ಇಳಿದವರು ಅಂಗಳದ ಅಂಚಿನಲ್ಲಿ ನಿಂತು, ತುಸು ಸಂಕೋಚದಿಂದಲೇ, “ಹಳೇ ಪಾತ್ರೆ, ದೀಪ, ಮಣೆ ಏನಾದರೂ ಕೊಡುವಂಥದು ಉಂಟೇ?” ಎಂದು ಕೇಳುತ್ತಾರೆ. ಹಾಗೆ ಕೇಳುವವರ ಬಳಗಕ್ಕೆ ಸೇರಿದ ತಮಗೆ, ಈ ಊರಿನಲ್ಲಿದ್ದುಕೊಂಡು ಅದೇ ಚಪಲಕ್ಕೆ ಬಹುಕಾಲದಿಂದ ವಶನಾಗಿರುವ ಒಬ್ಬ ನಿವೃತ್ತ ಮಾಸ್ತರನು ಈ ಪತ್ರವನ್ನು ಬರೆಯುತ್ತಿದ್ದಾನೆ.

ಮೊದಲೇ ಒಂದು ಮಾತು. ಹಳೆಯ ವಸ್ತುಗಳನ್ನು ತಾವು ಕೊಂಡೊಯ್ಯುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಊರಿನ ಸಂಪತ್ತು ಊರಿನಲ್ಲಿಯೇ ಉಳಿಯಬೇಕೆಂದು ಸಭೆಗಳಲ್ಲಿ ಘೋಷಿಸುವ ಸಜ್ಜನರನೇಕರ ಮನೆಯ ಅಟ್ಟದಲ್ಲಿ ಕಂಚಿನ ಹರಿವಾಣಗಳು ಇಲಿಯ ಹಿಕ್ಕೆಯ ನಡುವೆ ಬಿದ್ದಿರುವುದನ್ನು ಕಂಡವನು ನಾನು. ತಾವು ಕೊಳ್ಳದಿದ್ದರೆ ಗುಜರಿಯವನು ಕೊಳ್ಳುವನು; ಗುಜರಿಯವನ ತಕ್ಕಡಿಯಿಂದ ಕುಲುಮೆಯ ಮೂಸೆಗೆ ದಾರಿ ನೇರವಾಗಿದೆ. ಆದುದರಿಂದ ತಮ್ಮ ಕೈಗೆ ಬಂದ ತಂಬಿಗೆ ಬದುಕಿದ ತಂಬಿಗೆಯೆಂದೇ ನಾನು ಬಗೆಯುತ್ತೇನೆ. ನನ್ನ ವಿಜ್ಞಾಪನೆ ಬೇರೊಂದು ವಿಷಯಕ್ಕೆ ಸಂಬಂಧಪಟ್ಟುದು. ಅದನ್ನು ಹೇಳುವ ಮುನ್ನ ಪಾತ್ರೆಯೊಂದನ್ನು ತಾವು ಕೊಂಚ ಹತ್ತಿರದಿಂದ ನೋಡಬೇಕು.

ನಮ್ಮ ಸೀಮೆಯ ಹಳೆಯ ತಾಮ್ರದ ಹಂಡೆಯನ್ನಾಗಲಿ ಹಿತ್ತಾಳೆಯ ಕೊಡಪಾನವನ್ನಾಗಲಿ ಬೆಳಕಿಗೆ ಓರೆಯಾಗಿ ಹಿಡಿದು, ಕಂಠದ ಕೆಳಗೆ ಹೆಗಲು ತಿರುಗುವ ಜಾಗದಲ್ಲಿ ದೃಷ್ಟಿಯಿಟ್ಟು ನೋಡಿದರೆ, ಚುಕ್ಕಿ ಚುಕ್ಕಿಯಾಗಿ ಕೂಡಿದ ಅಕ್ಷರಗಳ ಒಂದು ಸಾಲು ಕಾಣಿಸುವುದು. ಪಾತ್ರೆಯ ಅಂಗಡಿಯ ಜಗಲಿಯಲ್ಲಿ ಕುಳಿತವನು ಪಾತ್ರೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು, ಸಣ್ಣ ಚಾಣದ ತುದಿಯನ್ನು ಲೋಹಕ್ಕೆ ತಾಗಿಸಿ, ಬೆರಳುದ್ದದ ಸುತ್ತಿಗೆಯಿಂದ ಟಕಟಕನೆ ಬಡಿಯುತ್ತ, ಒಂದೊಂದು ಏಟಿಗೆ ಒಂದೊಂದು ಚುಕ್ಕಿಯಂತೆ ಆ ಸಾಲನ್ನು ಮೂಡಿಸುತ್ತಿದ್ದನು. ಯಜಮಾನನ ಹೆಸರಿನ, ಅವನ ತಂದೆಯ ಹೆಸರಿನ, ಅಡ್ಡಹೆಸರಿನ ಮೊದಲಕ್ಷರಗಳು, ಕೆಲವೆಡೆ ಊರು, ಕೆಲವೆಡೆ ತಾರೀಖು, ಉಡುಗೊರೆಯಾದರೆ ಕೊಟ್ಟವರ ಹೆಸರು, ಸೋದರಮಾವನೋ ದೊಡ್ಡಪ್ಪನೋ ಎಂಬ ಸಂಬಂಧ ಸಹಿತ. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದಲೂ, ನಮ್ಮವರು ಹೊಟ್ಟೆಪಾಡಿಗಾಗಿ ಕಾರವಾರದಲ್ಲಿ ಆಗಬೋಟು ಹತ್ತಿ ಆ ನಗರಕ್ಕೆ ಹೋಗಿ ಬರುತ್ತಿದ್ದುದರಿಂದಲೂ, ಕೆಲವು ಪಾತ್ರೆಗಳ ಮೇಲಿನ ಅಕ್ಷರ ಬಾಲಬೋಧ, ಎಂದರೆ ದೇವನಾಗರಿಯಾಗಿದೆ. ಕೊರೆಯುವವನಿಗೆ ಒತ್ತಕ್ಷರದ ಗೋಜು ಬೇಡವಾಗಿತ್ತೆಂದು ಕಾಣುತ್ತದೆ. ದೀರ್ಘವಿರಬೇಕಾದಲ್ಲಿ ಹ್ರಸ್ವ, ಒತ್ತು ಇರಬೇಕಾದಲ್ಲಿ ಬಯಲು. ಮಾಸ್ತರನಾದ ನನಗೆ ಕೈ ತುರಿಸುವುದು ಸಹಜವಾದರೂ, ತಾಮ್ರದ ಮೇಲಿನ ತಪ್ಪಿಗೆ ಕೆಂಪುಶಾಯಿ ಹತ್ತುವುದಿಲ್ಲ.

ಈ ಹೆಸರುಗಳನ್ನು ಕಂಡ ಪಟ್ಟಣದ ಮಿತ್ರರು, ಇದು ಒಡೆತನದ ಅಹಂಕಾರವೆಂದು ನಗುವುದುಂಟು. ವಸ್ತುಸ್ಥಿತಿ ಬೇರೆಯಾಗಿದೆ. ಪಾತ್ರೆ ಮನೆಯ ಒಳಗೇ ಇರುವುದಾಗಿದ್ದರೆ ಹೆಸರಿನ ಅಗತ್ಯವೇ ಇರಲಿಲ್ಲ. ತನ್ನ ಅಡುಗೆಮನೆಯ ತಪ್ಪಲೆ ಯಾವುದೆಂದು ಯಾವ ಗೃಹಿಣಿಗೆ ಗೊತ್ತಿಲ್ಲ? ಊರಿನಲ್ಲಿ ಮದುವೆಯೋ ಮುಂಜಿಯೋ ಶ್ರಾದ್ಧವೋ ಒದಗಿದಾಗ, ಛತ್ರವೂ ಬಾಡಿಗೆಯ ಪಾತ್ರೆಗಳೂ ಇಲ್ಲದ ಆ ಕಾಲದಲ್ಲಿ, ಒಂದು ಮನೆಯ ಔತಣಕ್ಕೆ ಹತ್ತು ಮನೆಯ ಹಂಡೆ ಕೊಳಗಗಳು ಗಾಡಿಯಲ್ಲಿಯೂ ತಲೆಹೊರೆಯಲ್ಲಿಯೂ ಬಂದು ಕೂಡುತ್ತಿದ್ದವು. ಉಂಡವರು ಎದ್ದು, ಚಪ್ಪರ ಬಿಚ್ಚಿ, ತೊಳೆದ ಪಾತ್ರೆಗಳು ಅಂಗಳದಲ್ಲಿ ರಾಶಿಯಾಗಿ ಬಿದ್ದಾಗ, ಯಾವುದು ಯಾರ ಮನೆಗೆ ಮರಳಬೇಕೆಂಬುದನ್ನು ಹೇಳುತ್ತಿದ್ದುದು ಆ ಚುಕ್ಕಿಗಳ ಸಾಲು. ಹಾಗಾಗಿ ಪಾತ್ರೆಯ ಮೇಲೆ ಹೆಸರಿರುವುದೆಂದರೆ ಅದು ನೆರೆಯವರ ಮನೆಗೆ ಹೋಗಿ ಬರಲೆಂದೇ ಕೊಂಡ ಪಾತ್ರೆ ಎಂದರ್ಥ. ಪರರ ಕೈಯಲ್ಲಿ ಬಳಕೆಯಾಗುವುದು ಅದಕ್ಕೆ ಮೊದಲ ದಿನದಿಂದಲೇ ಅಭ್ಯಾಸ. ತಮ್ಮ ಮನೆಗೆ ಬಂದು ಅದು ಅಪರಿಚಿತ ಸ್ಥಳಕ್ಕೆ ಬಂದೆನೆಂದು ಅಳುತ್ತಿರಲಾರದು.

ಈ ಪಾತ್ರೆಗಳ ಲೆಕ್ಕವನ್ನು ಯಜಮಾನರಿಗಿಂತಲೂ ಚೆನ್ನಾಗಿ ಇಟ್ಟಿದ್ದವನು ಕಲಾಯಿಯವನು. ಹುಳಿ ತಾಗಿದರೆ ತಾಮ್ರ ಹಿತ್ತಾಳೆಗಳು ಕಿಲುಬು ಬಿಡುವುದರಿಂದ ಒಳಮೈಗೆ ಕಾಲಕಾಲಕ್ಕೆ ತವರದ ಲೇಪ ಆಗಲೇಬೇಕಾಗಿತ್ತು. ಅವನು ಮರದಡಿಯಲ್ಲಿ ನೆಲ ತೋಡಿ, ತಿದಿಯ ಬಾಯನ್ನು ಹೂಳಿ, ಇದ್ದಲಿನ ಬೆಂಕಿಯ ಮೇಲೆ ಪಾತ್ರೆಯನ್ನು ಹೊರಳಾಡಿಸುತ್ತ ಕಾಯಿಸಿ, ನವಸಾಗರದ ಪುಡಿಯನ್ನು ಎರಚಿದಾಗ ಏಳುತ್ತಿದ್ದ ಬಿಳಿಯ ಹೊಗೆಯ ಘಾಟು ಇಡೀ ಕೇರಿಗೆ ಅವನ ಆಗಮನವನ್ನು ಸಾರುತ್ತಿತ್ತು. ಬಳಿಕ ತವರದ ಕಡ್ಡಿಯನ್ನು ತಾಗಿಸಿ, ಅದು ನೀರಾದೊಡನೆ ಅರಳೆಯ ಮುದ್ದೆಯಿಂದ ಒಂದೇ ಸುತ್ತಿಗೆ ಒರಸಿ, ಕಪ್ಪು ಮಡಕೆಯಂತಿದ್ದುದನ್ನು ಬೆಳ್ಳಿಯಂತೆ ಮಾಡಿ ನೀರಿಗೆ ಅದ್ದುತ್ತಿದ್ದನು. ಯಾವ ಮನೆಯ ಕೊಳಗದ ಬುಡಕ್ಕೆ ಎಂದು ತೇಪೆ ಬಿತ್ತು, ಯಾವ ಮನೆ ಪಾಲಾದಾಗ ಹಂಡೆ ಅಣ್ಣನಿಗೂ ಮುಚ್ಚಳ ತಮ್ಮನಿಗೂ ಹೋಯಿತು ಎಂಬ ವೃತ್ತಾಂತಗಳು ಅವನ ಬಾಯಲ್ಲಿದ್ದವು. ಈಗ ನಮ್ಮ ಕೇರಿಗೆ ಅವನು ಬರುವುದು ನಿಂತಿದೆ.

ಪಾತ್ರೆಗಳು ಮನೆಬಿಟ್ಟು ಹೊರಟ ಬಗೆಯನ್ನು ಕುರಿತು ಮಕ್ಕಳ ಅನಾದರ, ಕಾಲದ ಮಹಿಮೆ ಎಂದು ದೊಡ್ಡ ಮಾತುಗಳನ್ನಾಡುವುದು ಸುಲಭ. ನಿಜವಾದ ಕಾರಣಗಳು ಸಣ್ಣವು. ಒಲೆ ಹೋಗಿ ಗ್ಯಾಸು ಬಂತು. ಮೂರು ಕಲ್ಲಿನ ಒಲೆಯ ಮೇಲೆ ಸುಖವಾಗಿ ಕೂರುತ್ತಿದ್ದ ಉರುಟು ಬುಡದ ತಪ್ಪಲೆ ಗ್ಯಾಸಿನ ಸಪಾಟು ಕಟ್ಟೆಯ ಮೇಲೆ ವಾಲಾಡತೊಡಗಿತು. ಕಲಾಯಿಯವನು ಬಾರದಾದಾಗ ಒಳಗಿನ ಬಿಳುಪು ಹೋಗಿ ಸಾರು ಕೆಟ್ಟಿತು. ಸ್ಟೀಲಿನ ಪಾತ್ರೆಗೆ ಹುಣಿಸೆಹಣ್ಣೂ ಬೇಡ, ಬೂದಿಯೂ ಬೇಡ. ತುಂಬಿದ ತಾಮ್ರದ ಹಂಡೆಯನ್ನು ಎತ್ತಿ ಎತ್ತಿ ಸೊಂಟ ಬಿದ್ದ ಹೆಂಗಸರಿಗೆ ಪ್ಲಾಸ್ಟಿಕ್ಕಿನ ಕೊಡ ಬಂದುದು ಸಣ್ಣ ಬಿಡುಗಡೆಯಾಗಿರಲಿಲ್ಲ; ಹಳತಿನ ಸೌಂದರ್ಯವನ್ನು ವರ್ಣಿಸುವ ನಾವು ಗಂಡಸರು ಅದನ್ನು ಹೊತ್ತವರಲ್ಲ. ಇದರ ಮೇಲೆ, ಹಲವು ಊರುಗಳ ಮನೆಗಳೇ ಕಿತ್ತುಹೋದ ತಾಲೂಕುಗಳು ನಮ್ಮವು: 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ಕರಾವಳಿಯ ಗ್ರಾಮಗಳು ಎದ್ದವು; ಕಾಳಿನದಿಯ ಅಣೆಕಟ್ಟುಗಳಿಗಾಗಿ ಒಳನಾಡಿನವು ಮುಳುಗಿದವು. ಪುನರ್ವಸತಿಯ ಕಿರಿದಾದ ನಿವೇಶನಕ್ಕೆ ಹೊರಟವನು ಬಾಗಿಲುವಾಡವನ್ನು ಒಯ್ದಾನು, ದೇವರ ಪೀಠವನ್ನು ಒಯ್ದಾನು; ಇಡೀ ಕೂಡುಕುಟುಂಬಕ್ಕೆ ಗಂಜಿ ಬೇಯಿಸುವ ಕೊಪ್ಪರಿಗೆಯನ್ನು ಎಲ್ಲಿ ಇಡುವನು?

ಹೆಸರಿನ ಉಪಯೋಗವನ್ನು ನಾವು ಮರೆತಿದ್ದ ಕಾಲದಲ್ಲಿ ನದಿಯೇ ಅದನ್ನು ಒಮ್ಮೆ ನೆನಪಿಸಿತು. 2019ರ ಆಗಸ್ಟಿನಲ್ಲಿ ಗಂಗಾವಳಿಗೆ ನೆರೆ ಬಂದು, ದಂಡೆಯ ಮನೆಗಳ ಒಳಹೊಕ್ಕ ನೀರು ಇದ್ದಬದ್ದ ಸಾಮಾನುಗಳನ್ನು ತೇಲಿಸಿಕೊಂಡು ಹೋದುದನ್ನು ಪತ್ರಿಕೆಗಳಲ್ಲಿ ತಾವೂ ಓದಿರುವಿರಿ. ನೀರು ಇಳಿದ ಮೇಲೆ ತೋಟದ ಬೇಲಿಗಳಲ್ಲಿಯೂ ಕೆಸರಿನಲ್ಲಿಯೂ ಸಿಕ್ಕಿಬಿದ್ದಿದ್ದ ಪಾತ್ರೆಗಳಲ್ಲಿ ಸ್ಟೀಲಿನವು ಯಾರವೋ ಆಗಿಯೇ ಉಳಿದವು. ಎಲ್ಲವೂ ಒಂದೇ ಅಚ್ಚಿನವು, ಗುರುತು ಹೇಳುವವರಾರು? ಹಿತ್ತಾಳೆಯ ಕೊಡಪಾನವೊಂದನ್ನು ಮಾತ್ರ ಕೆಸರು ತೊಳೆದು, ಅಜ್ಜನ ಕಾಲದ ಅಕ್ಷರಗಳನ್ನು ಓದಿ, “ಇದು ಮೇಲಿನ ಮನೆಯವರದ್ದು” ಎಂದು ಹುಡುಗನೊಬ್ಬ ಹೊತ್ತು ತಂದು ಕೊಟ್ಟನು.

ಇನ್ನು ನನ್ನ ವಿಜ್ಞಾಪನೆಗೆ ಬರುತ್ತೇನೆ. ಈ ಪಾತ್ರೆಗಳು ತಮ್ಮ ಕೈಗೆ ಬರುವ ಮುನ್ನ ಹಳೆಯ ಪಾತ್ರೆಗಳ ಅಂಗಡಿಯಲ್ಲಿ ಯಂತ್ರಕ್ಕೆ ಸಿಕ್ಕಿ ಪಾಲಿಶ್ ಆಗುವುವು. ಆ ಯಂತ್ರದ ಚಕ್ರ ಮೊದಲು ಸವೆಸುವುದು ಹೆಸರನ್ನು. ಪರಿಚಯದ ಅಂಗಡಿಕಾರನೊಬ್ಬನನ್ನು ಇದರ ಕಾರಣ ಕೇಳಲಾಗಿ ಅವನು, “ಮಾಸ್ತರ್ರೇ, ಹೆಸರಿದ್ದ ಮಾಲಿಗೆ ಗಿರಾಕಿ ಮೂಗು ಮುರಿತಾರೆ. ಮತ್ತೊಬ್ಬರು ಬಳಸಿದ್ದು ಅಂತ ಗೊತ್ತಾಗಬಾರದಂತೆ. ಆದರೆ ಹಳೇದೇ ಬೇಕಂತೆ!” ಎಂದು ನಕ್ಕನು. ಮತ್ತೊಬ್ಬರ ಬಳಕೆಯಿಂದ ಬಂದ ನುಣುಪು ಬೇಕು, ಆ ಮತ್ತೊಬ್ಬರು ಮಾತ್ರ ಬೇಡ ಎಂಬ ಈ ಅಭಿರುಚಿಯ ತರ್ಕ ನನಗೆ ಬೋಧೆಯಾಗಿಲ್ಲ. ಮಡಿ ಮೈಲಿಗೆಯ ಶಂಕೆಯೇ ಇದಕ್ಕೆ ಮೂಲವೆನ್ನುವುದಾದರೆ, ಆ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ನಮಗಿಂತ ಉದಾರಿಗಳಾಗಿದ್ದರು: ತಾಮ್ರ, ಕಂಚು, ಹಿತ್ತಾಳೆಗಳು ಬೂದಿ, ಹುಳಿ, ನೀರುಗಳಿಂದ ಶುದ್ಧವಾಗುವುವೆಂದು ಮನುಸ್ಮೃತಿಯೇ ವಿಧಿಸಿದೆ. ನಮ್ಮ ಅಜ್ಜಿಯಂದಿರು ಬಾವಿಕಟ್ಟೆಯಲ್ಲಿ ಹುಣಿಸೆಹಣ್ಣು ಬೂದಿಗಳಿಂದ ತಿಕ್ಕುತ್ತಿದ್ದುದು ಅದೇ ವಿಧಿಯಂತೆ. ಹೆಸರನ್ನು ಉಜ್ಜಿ ತೆಗೆಯಿರೆಂದು ಯಾವ ಋಷಿಯೂ ಹೇಳಿದ್ದನ್ನು ನಾನು ಕಾಣೆ.

ಪಶ್ಚಿಮದೇಶಗಳ ಸಂಗ್ರಾಹಕರ ನಡವಳಿಕೆಯನ್ನು ಇದಕ್ಕೆ ಹೋಲಿಸಿ ನೋಡಬಹುದು. ಇಟಲಿಯ ಕ್ರೆಮೋನಾದಲ್ಲಿ ಅಂತೋನಿಯೋ ಸ್ಟ್ರಾಡಿವಾರಿಯು 1721ರಲ್ಲಿ ರಚಿಸಿದ ಪಿಟೀಲೊಂದುಂಟು. ಅದಕ್ಕೆ ‘ಲೇಡಿ ಬ್ಲಂಟ್’ ಎಂದು ಹೆಸರು. ಕವಿ ಬೈರನ್ನನ ಮೊಮ್ಮಗಳಾದ ಲೇಡಿ ಆ್ಯನ್ ಬ್ಲಂಟ್ ಅದನ್ನು ಒಂದು ಕಾಲದಲ್ಲಿ ಇಟ್ಟುಕೊಂಡಿದ್ದಳೆಂಬುದೇ ಆ ಹೆಸರಿಗೆ ಕಾರಣ. ಜಪಾನಿನ ಭೂಕಂಪ ಸುನಾಮಿಗಳ ಸಂತ್ರಸ್ತರ ನೆರವಿಗಾಗಿ 2011ರಲ್ಲಿ ಅದನ್ನು ಹರಾಜು ಮಾಡಿದಾಗ ಸುಮಾರು 98 ಲಕ್ಷ ಪೌಂಡುಗಳಿಗೆ ಅದು ಮಾರಾಟವಾಯಿತು. ಅಲ್ಲಿ ಪೂರ್ವದ ಒಡೆಯರ ಪಟ್ಟಿ ಉದ್ದವಾದಷ್ಟೂ ವಸ್ತುವಿನ ಬೆಲೆ ಏರುತ್ತದೆ. ಇಲ್ಲಿ ಒಬ್ಬಳು ಅಜ್ಜಿಯ ಹೆಸರಿದ್ದರೆ ಇಳಿಯುತ್ತದೆ.

ನಮ್ಮವರಿಗೆ ಲೋಹದ ಮೇಲಿನ ಅಕ್ಷರದ ಬೆಲೆ ತಿಳಿಯದೆಂದು ಹೇಳುವಂತೆಯೂ ಇಲ್ಲ. ಬೆಳಗಾವಿ ಸೀಮೆಯ ಹಲಸಿಯಲ್ಲಿ 19ನೇ ಶತಮಾನದಲ್ಲಿ ದೊರೆತು, ಫ್ಲೀಟ್ ಮಹಾಶಯರು ಓದಿ ಪ್ರಕಟಿಸಿದ ತಾಮ್ರಪಟಗಳಿಂದಲ್ಲವೆ ನಮ್ಮದೇ ಜಿಲ್ಲೆಯ ಬನವಾಸಿಯ ಕದಂಬರ ವಂಶಾವಳಿಯ ಬಹುಭಾಗ ನಮಗೆ ಗೊತ್ತಾದುದು? ಆ ಹಲಗೆಗಳನ್ನು ಯಾವನಾದರೂ ತಾಮ್ರದ ತೂಕಕ್ಕೆ ಕೊಂಡು ತಿಕ್ಕಿ ಹೊಳಪಿಸಿದ್ದರೆ, ಮೃಗೇಶವರ್ಮ ರವಿವರ್ಮರ ದಾನಗಳ ಸಂಗತಿ ಇಂದು ಯಾವುದೋ ಮನೆಯ ಸಾರಿನ ಸೌಟಾಗಿರುತ್ತಿತ್ತು. ರಾಜನ ಅಕ್ಷರಕ್ಕೆ ಒಂದು ನ್ಯಾಯ, ರೈತನ ಅಕ್ಷರಕ್ಕೆ ಒಂದು ನ್ಯಾಯವೆಂದರೆ ಒಪ್ಪಲು ನನ್ನಿಂದಾಗದು.

ವಸ್ತು ಉಳಿದು ಹೆಸರು ಅಳಿದುದಕ್ಕೆ ಕನ್ನಡನಾಡಿನಲ್ಲಿಯೇ ಪ್ರಸಿದ್ಧವಾದ ನಿದರ್ಶನವೊಂದಿದೆ. ಶತಮಾನಗಳ ಕಾಲ ಕೇವಲ ಉಲ್ಲೇಖಗಳಲ್ಲಿ ಬದುಕಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯವನ್ನು ಸೇರಿತು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ಓದಿ, 1909ರಲ್ಲಿ ಮುದ್ರಿಸಿ ವಿದ್ವತ್ಪ್ರಪಂಚವನ್ನು ಬೆರಗುಗೊಳಿಸಿದರು. ಆ ಓಲೆಗಳನ್ನು ತಂದು ಒಪ್ಪಿಸಿದವನು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ. ಪುಸ್ತಕಗಳು ಅವನನ್ನು ಕರೆಯುವುದು ಅಷ್ಟರಿಂದಲೇ, ‘ತಂಜಾವೂರಿನ ಒಬ್ಬ ಪಂಡಿತ’ ಎಂದು. ಅವನ ಹಿರಿಯರಲ್ಲಿ ಯಾರು ಆ ಕಟ್ಟನ್ನು ಎಷ್ಟು ತಲೆಮಾರು ಬೆಂಕಿ, ಹುಳ, ಮಳೆಗಳಿಂದ ಕಾಯ್ದರು, ಅವನು ಅದನ್ನು ಕೈಬಿಡಲು ಮನಸ್ಸು ಮಾಡಿದುದೇಕೆ, ಆ ದಿನ ಯಾರಾದರೂ ಅವನನ್ನು ಕೂರಿಸಿ ಕೇಳಿ ನಾಲ್ಕು ಸಾಲು ಬರೆದಿಟ್ಟಿದ್ದರೆ ಎಂದು ನನಗೆ ಆಗಾಗ ಅನಿಸುತ್ತದೆ.

ಕೇಳಿದರೆ ಏನು ದೊರೆಯುವುದೆಂಬುದಕ್ಕೆ ನನ್ನ ಮನೆಯ ಒಂದು ವಸ್ತುವಿನ ಕಥೆಯನ್ನು ಹೇಳುತ್ತೇನೆ. ಅದೊಂದು ಕವಳದ ಹರಿವಾಣ. ಹಿತ್ತಾಳೆಯದು, ಅಂಚಿನಲ್ಲಿ ಬಳ್ಳಿಯ ಚಿತ್ತಾರ, ಒಂದು ಪಕ್ಕದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಗುಜರಿಯ ರಾಶಿಯಿಂದ ತೂಕದ ಬೆಲೆಗೆ ಕೊಂಡುದು. ಹಿಂಬದಿಯಲ್ಲಿ ಮೂರು ಅಕ್ಷರ ಮತ್ತು ನಮ್ಮ ಆಸುಪಾಸಿನದೇ ಒಂದು ಕೊಪ್ಪದ ಹೆಸರು. ಮುಂದೊಮ್ಮೆ ಆ ಕೊಪ್ಪಕ್ಕೆ ಬೇರೆ ಕೆಲಸಕ್ಕಾಗಿ ಹೋದಾಗ ಆ ಅಡ್ಡಹೆಸರಿನ ಮನೆಯನ್ನು ವಿಚಾರಿಸಿ ಜಗಲಿಯಲ್ಲಿ ಕುಳಿತೆ, ಎಂಬತ್ತು ದಾಟಿದ ಮನೆಯ ಹಿರಿಯಳು ಹೊರಬಂದು ನಾನು ವರ್ಣಿಸುವುದನ್ನು ಕೇಳಿ, ಅಕ್ಷರದ ಮಾತನ್ನು ಅಲ್ಲಿಯೇ ತಡೆದು, “ಬದಿಗೆ ತಗ್ಗು ಉಂಟೇನು?” ಎಂದಳು. ಉಂಟೆಂದೆ. ಮಾವನವರು ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಕೊಂಡು ಆಗಬೋಟಿನಲ್ಲಿ ತಂದುದಂತೆ. ಕಾರವಾರದ ಬಂದರದಲ್ಲಿ ಹಡಗಿನಿಂದ ದೋಣಿಗೆ ಗಂಟು ಇಳಿಸುವಾಗ ಕೈಜಾರಿ ಆ ತಗ್ಗು ಬಿದ್ದಿತಂತೆ. ಆಮೇಲೆ ಮನೆಗೆ ಬಂದ ನೆಂಟರೆಲ್ಲರೂ ಎಲೆಗೆ ಸುಣ್ಣ ಹಚ್ಚುವ ಮೊದಲು ಆ ತಗ್ಗಿನ ಕಥೆಯನ್ನು ಮಾವನವರ ಬಾಯಿಂದ ಕೇಳಲೇಬೇಕಾಗಿತ್ತಂತೆ. ಅದನ್ನು ಮಾರಿದವರು ಯಾರೆಂದು ನಾನು ಕೇಳಲಿಲ್ಲ. ಅವಳೇ, ಒಳಗೆ ಸೊಸೆ ಇರುವಳೋ ಎಂದು ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು. ಹೇಳಿ, “ಇದನ್ನು ಮಾತ್ರ ಎಲ್ಲೂ ಬರೀಬೇಡಿ ಮಾಸ್ತರ್ರೇ” ಎಂದಳು. ಆದುದರಿಂದ ಅದನ್ನು ಇಲ್ಲಿ ಬರೆಯುತ್ತಿಲ್ಲ.

ಹರಿವಾಣವನ್ನು ಮರಳಿ ತಂದುಕೊಡುವೆನೆಂದೆ. ಬೇಡವೆಂದಳು, ಈಗ ಮನೆಯಲ್ಲಿ ಕವಳ ಹಾಕುವವರು ಯಾರೂ ಇಲ್ಲ, ಅಲ್ಲಿಯಾದರೆ ಹಾಕುವವರು ಇದ್ದಾರಲ್ಲ ಎಂಬುದು ಅವಳ ವಾದ. ಎದ್ದು ಒಳಹೋಗಿ, ಮುಷ್ಟಿಯೊಳಗೆ ಏನನ್ನೋ ಹಿಡಿದು ಬಂದು ನನ್ನ ಮುಂದಿಟ್ಟಳು: ಅದೇ ಬಳ್ಳಿಯ ಚಿತ್ತಾರದ ಸುಣ್ಣದ ಡಬ್ಬಿ. “ಎರಡೂ ಒಟ್ಟಿಗೆ ಬಂದದ್ದು. ಇದು ಇಲ್ಲಿ ಒಂದೇ ಇದ್ದು ಏನು ಮಾಡ್ತದೆ?” ಎಂದಳು. ದುಡ್ಡು ಕೊಡಹೋದರೆ ಬೈದಳು.

ಈ ಪ್ರಸಂಗವನ್ನು ನಾನು ತಮಗೆ ತಿಳಿಸಿದುದು ಡಬ್ಬಿಯ ಆಸೆಯಿಂದ ಕೇಳಿರೆಂದು ಹೇಳುವುದಕ್ಕಲ್ಲ. ವಸ್ತುವಿನ ಕಥೆಯನ್ನು ಕೇಳುವುದರಲ್ಲಿ ಒಂದು ಮರ್ಯಾದೆ ಇರುವಂತೆ, ಅದರಲ್ಲಿ ಒಂದು ಭಾಗವನ್ನು ಕೇಳದೆ ಬಿಡುವುದರಲ್ಲಿಯೂ ಮರ್ಯಾದೆ ಉಂಟು. ಮನೆಯ ವಸ್ತು ಮಾರಾಟವಾದುದರ ಹಿಂದೆ ಸಾಲ, ಕಾಯಿಲೆ, ಕುಡಿತ, ಪಾಲುಪಂಚಾಯಿತಿಗಳು ಇರುವುದು ಸಾಮಾನ್ಯ. ಅವೆಲ್ಲವನ್ನೂ ಕೆದಕಿ, ಫೋಟೋ ಹಿಡಿದು, ಗಾಜಿನ ಕಪಾಟಿನ ಪಕ್ಕಕ್ಕೆ ತೂಗುಹಾಕುವ ಹೊಸ ಉತ್ಸಾಹಿಗಳನ್ನೂ ನಾನು ಕಂಡಿದ್ದೇನೆ. ಅವರಿಗಿಂತ ಹೆಸರು ಉಜ್ಜುವ ಅಂಗಡಿಕಾರನೇ ವಾಸಿ.

ಪಾತ್ರೆಗಳ ಮಾತನ್ನೇ ಆಡುತ್ತಿರುವೆನೆಂದು ಗಡಿಯಾರದ ಪ್ರಿಯರು ಬೇಸರಪಡಬಾರದು. ಅವರಲ್ಲಿಯೂ ನನ್ನ ತಕರಾರು ಇದೇ. 1961ರಿಂದ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ತಯಾರಾಗತೊಡಗಿದ ಎಚ್‌ಎಂಟಿ ಕೈಗಡಿಯಾರಗಳು ಒಂದು ಇಡೀ ತಲೆಮಾರಿನ ಮದುವೆ, ನೌಕರಿ, ನಿವೃತ್ತಿಗಳಿಗೆ ಸಾಕ್ಷಿಯಾಗಿ, 2016ರಲ್ಲಿ ಆ ಉದ್ಯಮವನ್ನು ಮುಚ್ಚುವ ತೀರ್ಮಾನವಾದ ಮೇಲಂತೂ ತಮ್ಮಂಥವರ ಬೇಟೆಗೆ ವಸ್ತುವಾಗಿವೆ. ಆ ‘ಜನತಾ’, ಆ ‘ಪೈಲಟ್’ಗಳ ಹಳೆಯ ಮುಖಗಳನ್ನು ಕೆರೆದು ಗಿಳಿಹಸಿರು, ಕಿತ್ತಳೆ ಬಣ್ಣಗಳನ್ನು ಬಳಿದು ಹೊಸದೆಂಬಂತೆ ಮಾರುವ ದಂಧೆಯೊಂದು ಮುಂಬಯಿಯ ಕಡೆ ಬೆಳೆದಿದೆ. ಕಾರವಾರದ ಭಾನುವಾರದ ಸಂತೆಯಲ್ಲಿ ನನಗೆ ದೊರೆತ ‘ಜನತಾ’ ಹಾಗಲ್ಲ. ಅದರ ಬಿಳಿಯ ಮುಖ ಹಳೆಯ ಕಾಗದದಂತೆ ಹಳದಿಗೆ ತಿರುಗಿತ್ತು. ರಿಪೇರಿಯವನು ಬೆನ್ನಿನ ಮುಚ್ಚಳ ಬಿಚ್ಚಿ ಮಸೂರವನ್ನು ನನ್ನ ಕಣ್ಣಿಗಿತ್ತು ಒಳಮೈ ತೋರಿಸಿದನು: ಹಿಂದೆ ಅದನ್ನು ಬಿಚ್ಚಿ ಎಣ್ಣೆ ಹಾಕಿದ ರಿಪೇರಿಯವರು ಸೂಜಿಯ ಮೊನೆಯಿಂದ ಗೀರಿಟ್ಟ ತಾರೀಖುಗಳು, ಒಂದರ ಕೆಳಗೊಂದು, ಬೇರೆ ಬೇರೆ ಕೈಬರಹಗಳಲ್ಲಿ. ಎರಡೆರಡು ವರ್ಷಕ್ಕೊಮ್ಮೆ ತಪ್ಪದೆ ಬಂದ ಆ ತಾರೀಖುಗಳು ಒಂದು ಹಂತದಲ್ಲಿ ನಿಂತು, ಬಹುಕಾಲದ ಬಿಡುವಿನ ನಂತರ ಮತ್ತೆ ಒಂದಿತ್ತು. ಒಡೆಯ ತೀರಿಕೊಂಡು ಮಗ ಕಟ್ಟಿಕೊಂಡಿರಬಹುದೇ, ಅಥವಾ ಪೆಟ್ಟಿಗೆಯಲ್ಲಿ ಬಿದ್ದಿತ್ತೇ, ನಮ್ಮ ಊಹೆಗೆ ಬಿಟ್ಟುದು. “ನಿಮ್ಮದೂ ಹಾಕಲೇ?” ಎಂದ ರಿಪೇರಿಯವನು ಆ ಸಾಲಿನ ಕೆಳಗೆ ಅಂದಿನ ತಾರೀಖನ್ನು ಗೀರಿದನು.

ಸಂಗ್ರಹವೆಂದರೆ ಹೀಗಿರಬೇಕೆಂದು ನನಗೆ ತೋರಿದ ಒಂದು ಸ್ಥಳ ಮಣಿಪಾಲದಲ್ಲಿದೆ. 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಧನಿಕರಲ್ಲ, ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವಿ ಕಂಬ ಬಾಗಿಲುಗಳನ್ನು ಸೌದೆಯ ಬೆಲೆಗೆ ಮಾರುವುದನ್ನು ನೋಡಲಾರದೆ, ಕಂಡಕಂಡಲ್ಲಿ ಕೊಂಡು, ಮೊದಲು ತಮ್ಮ ವಾಸದ ಮನೆಯನ್ನೇ ಅವುಗಳಿಂದ ಕಟ್ಟಿದರು. ಮುಂದೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಪುನಃ ನಿಲ್ಲಿಸಿ, ಹಸ್ತಶಿಲ್ಪದ ಪಾರಂಪರಿಕ ಗ್ರಾಮವನ್ನು ರಚಿಸಿದರು. ಅಲ್ಲಿ ಹರ್ಕೂರಿನ ಮನೆ ಹರ್ಕೂರಿನ ಮನೆಯಾಗಿಯೇ ಇದೆ, ಕುಕನೂರಿನ ಕಮಲ ಮಹಲು ಕುಕನೂರಿನದೆಂದೇ ಕರೆಯಿಸಿಕೊಳ್ಳುತ್ತದೆ. ಸ್ಥಾನ ಬದಲಾದರೂ ಹೆಸರು ಬದಲಾಗಲಿಲ್ಲ. ಅಷ್ಟು ದೊಡ್ಡ ಮನೆಗಳಿಗೆ ಸಾಧ್ಯವಾದುದು ಒಂದು ತಂಬಿಗೆಗೆ ಸಾಧ್ಯವಾಗದೇಕೆ?

ತಾವು ಮಾಡಬೇಕೆಂದು ನಾನು ಬೇಡುವುದು ಹೆಚ್ಚೇನಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಹೆಸರಿರುವ ಪಾತ್ರೆಯನ್ನೇ ಕೇಳಿರಿ, ಅದಕ್ಕಾಗಿ ನಾಲ್ಕು ರೂಪಾಯಿ ಹೆಚ್ಚು ಕೊಡಿರಿ. ಯಂತ್ರದ ಚಕ್ರ ನಿಲ್ಲುವುದು ಆ ನಾಲ್ಕು ರೂಪಾಯಿಯಿಂದ, ನನ್ನ ಪತ್ರದಿಂದಲ್ಲ. ಮನೆಯಿಂದ ಕೊಳ್ಳುವುದಾದರೆ ಬೆಲೆಯ ಮಾತು ಮುಗಿದ ಮೇಲೆ ಹೊರಟುಬಿಡದೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಕುಳಿತು, ಯಾರು ತಂದುದು, ಯಾವುದಕ್ಕೆ ಬಳಸುತ್ತಿದ್ದುದು ಎಂಬುದನ್ನು ಕೇಳಿ, ಒಪ್ಪಿಗೆ ಪಡೆದು ಒಂದು ಚೀಟಿಯಲ್ಲಿ ಬರೆದು ಪಾತ್ರೆಯ ಒಳಗೇ ಇಡಿರಿ. ಕಾನೂನೂ ಒಂದುಂಟು: 1972ರ ಪ್ರಾಚ್ಯವಸ್ತುಗಳ ಅಧಿನಿಯಮ. ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳೂ, ಎಪ್ಪತ್ತೈದು ದಾಟಿದ ಮಹತ್ವದ ಹಸ್ತಪ್ರತಿಗಳೂ ಅದರ ಪರಿಧಿಗೆ ಬರುವುವು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅದು ವಸ್ತುವಿನ ವಯಸ್ಸನ್ನು ಕೇಳುತ್ತದೆ. ಮನೆಯನ್ನು ಕೇಳುವುದು ತಮಗೆ ಬಿಟ್ಟ ಕೆಲಸ. ಇನ್ನು, ತಮ್ಮ ಮನೆಯಲ್ಲಿ ಈಗಾಗಲೇ ಇರುವ ಪಾತ್ರೆಗಳನ್ನು ಒಮ್ಮೆ ಕಪಾಟಿನಿಂದಿಳಿಸಿ ಬೆಳಕಿಗೆ ಹಿಡಿಯಿರಿ. ಅಂಕೋಲಾ, ಕಾರವಾರ, ಕುಮಟೆಗಳ ಕಡೆಯ ಊರಿನ ಹೆಸರು ಕಂಡರೆ, ಹೆಸರು ಪೂರ್ತಿ ಓದಲಾಗದಿದ್ದರೆ ಅಕ್ಷರದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದು, ಹತ್ತಿರದ ಶಾಲೆಯ ಮಾಸ್ತರರಿಗೆ ಕಳುಹಿಸಿರಿ. ಶಾಲೆಯ ಹಳೆಯ ದಾಖಲೆಯ ಪುಸ್ತಕಗಳಲ್ಲಿ ಆ ಮೊದಲಕ್ಷರಗಳ ಪೂರ್ಣಪಾಠ ಸಿಗುವ ಸಂಭವ ಹೆಚ್ಚು. ಇದು ಅನುಭವದ ಮಾತು.

ಕಡೆಗೆ ಒಂದು ಪ್ರಕಟಣೆ. ಅಂಕೋಲೆಯ ಗುಜರಿಯಿಂದ ಈಚೆಗೆ ನನ್ನಲ್ಲಿಗೆ ಬಂದ ಒಂದು ಕಂಚಿನ ಗಿಂಡಿಯುಂಟು. ಕಂಠದಲ್ಲಿ ‘ರಾ. ವೆಂ.’ ಎಂದೂ, ಮುಂದಿನ ಅಕ್ಷರ ಸವೆದೂ, ಕೆಳಗೆ 1946 ಎಂದೂ ಇದೆ. ಮೂತಿಗೆ ಹಿಂದೊಮ್ಮೆ ಬೆಸುಗೆ ಬಿದ್ದಿದೆ. ಬುಡದಲ್ಲಿ ಇನ್ನೂ ಒಂದು ಗುರುತಿದೆ, ಅದನ್ನು ಬೇಕೆಂದೇ ಇಲ್ಲಿ ಹೇಳದೆ ಬಿಟ್ಟಿದ್ದೇನೆ. ತಮ್ಮ ಪರಿಚಯದವರಲ್ಲಿ ಯಾರಾದರೂ ಆ ಗುರುತನ್ನು ಹೇಳಿದರೆ ಗಿಂಡಿ ಅವರದು, ಊಟವೂ ನಮ್ಮಲ್ಲಿಯೇ. ಶನಿವಾರ ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತೇನೆ. ಬಸ್ಸು ಇಳಿದು ಯಾರನ್ನು ಕೇಳಿದರೂ ಹಳೇ ಪಾತ್ರೆಯ ಮಾಸ್ತರರ ಮನೆ ತೋರಿಸುವರು.

ಇತಿ ತಮ್ಮ ವಿಶ್ವಾಸಿ,
ಹಿಲ್ಲೂರಿನ ಒಬ್ಬ ನಿವೃತ್ತ ಮಾಸ್ತರ